ಮೂರನೇ ಪುಟದ ಸಾಲು

ಮಂಗಳವಾರ, ಮಾರ್ಚ್ ೧೨. ಮದುವೆಯಾಗಿ ಇಪ್ಪತ್ಮೂರು ದಿನ!

ನಾಳೆ ಬೆಳಗ್ಗೆ ಅತ್ತೆಯ ಹೃದಯಕ್ಕೆ ಕ್ಲಿಪ್ ಹಾಕುತ್ತಾರೆ. ಎದೆ ಕೊಯ್ಯುವುದೇ ಇಲ್ಲ! ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ತೂರಿಸಿ, ಸೋರುವ ಕವಾಟದ ಎರಡು ಎಸಳುಗಳನ್ನು ಪುಟ್ಟ ಕ್ಲಿಪ್ಪಿನಿಂದ ಸೇರಿಸಿ ಹಿಡಿಯುವುದು. ಎಂಥ ಅದ್ಭುತ! ವಾರದಿಂದ ಬಟ್ಟೆಯ ಕ್ಲಿಪ್ ಹಿಡಿದು ಮನೆಗೆ ಬಂದವರಿಗೆಲ್ಲ ವಿವರಿಸಿದ್ದೇ ವಿವರಿಸಿದ್ದು. "ನನ್ನ ಹೆಂಡತಿ ಅರ್ಧ ಡಾಕ್ಟರು" ಎಂದು ಇವರು ಬೀಗಿದಾಗ ನಾನೂ ಉಬ್ಬಿಹೋಗಿದ್ದೆ.

ಸಂಜೆ ವಾರ್ಡಿನಲ್ಲಿ ಒಪ್ಪಿಗೆ ಪತ್ರ ಕೊಟ್ಟರು. ಎಲ್ಲ ಇಂಗ್ಲಿಷ್. ಅತ್ತೆ ಅದನ್ನು ನನ್ನ ಮಡಿಲಿಗೆ ಹಾಕಿದರು. "ನೀನೇ ಓದಿ ಹೇಳಮ್ಮ. ಇವನು ಓದಿದ್ರೆ ಅರ್ಧಕ್ಕೇ ಅಳ್ತಾನೆ."

ಒಂದೊಂದೇ ಸಾಲು ಓದಿ ಹೇಳುತ್ತ ಹೋದೆ. ಮೂರನೇ ಪುಟದಲ್ಲಿತ್ತು: ಎಸಳುಗಳು ಕ್ಲಿಪ್ಪಿಗೆ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಲಾಗುವುದು, ಎದೆ ತೆರೆಯುವ ಶಸ್ತ್ರಚಿಕಿತ್ಸೆಯನ್ನು ರೋಗಿಯ ಹೃದಯ ತಾಳದು, ಬೇರೆ ದಾರಿಯಿಲ್ಲ.

ಆ ಸಾಲನ್ನು ಓದಿ ಹೇಳದೆ ಪುಟ ತಿರುಗಿಸಿಬಿಟ್ಟೆ.

"ಅಲ್ಲೇನಿತ್ತು?"

"ಏನಿಲ್ಲ ಅತ್ತೆ, ಸ್ವಲ್ಪ ದಿನ ಭಾರ ಎತ್ತಬಾರದಂತೆ."

"ಅದಕ್ಕೇ ಅಲ್ವಾ ಸೊಸೆ ತಂದಿದ್ದು!" ನಗುತ್ತ ಸಹಿ ಹಾಕಿದರು.

ಈಗ ರಾತ್ರಿ, ಇವರು ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಿದ್ದಾರೆ. ಎಬ್ಬಿಸಲೇ? ಹೇಳಿದರೆ ಆ ಕವಾಟವೇನೂ ಬದಲಾಗದು. ಆದರೆ ಅತ್ತೆ ನನ್ನ ಮಾತು ನಂಬಿ ಸಹಿ ಹಾಕಿದ್ದಾರೆ. ಏಳಕ್ಕೆ ಒಳಗೆ ಕರೆದೊಯ್ಯುತ್ತಾರಂತೆ. ಅದಕ್ಕೂ ಮೊದಲು ಕೈ ಹಿಡಿದು ಹೇಳಿಬಿಡಬೇಕು. ಅತ್ತೆ, ಮೂರನೇ ಪುಟದಲ್ಲಿ ನಾನು…