ನನ್ನ ಬಯಕೆ, ನಿನ್ನಜ್ಜಿ ಕುಡಿದ ಸ್ಟೌಟ್

ಆರ್.ಕೆ.ಪುರಂ, ನವದೆಹಲಿ
ಡಿಸೆಂಬರ್ ೨೦೦೯, ಭಾನುವಾರ

ಒಳಗೆ ಬೆಚ್ಚಗೆ ಮುದುರಿ ಕೂತಿರುವ ಪುಟ್ಟ ಸಾಹೇಬರಿಗೋ, ಪುಟ್ಟ ಮೇಡಮ್ಮಿಗೋ,

ನೀನು ಗಂಡೋ ಹೆಣ್ಣೋ ಡಾಕ್ಟರ್ ಹೇಳುವಂತಿಲ್ಲ, ಕೇಳುವ ಆಸೆ ನನಗೂ ಇಲ್ಲ. ಯಾರೇ ಆಗಿರು, ಐದು ತಿಂಗಳಿಂದ ನನ್ನ ಮೇಲೆ ದರ್ಬಾರು ನಡೆಸುತ್ತಿರುವುದು ನೀನೇ. ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಯಾವ ವಾಸನೆಗೆ ಮೂಗು ಮುಚ್ಚಬೇಕು, ಎಲ್ಲಕ್ಕೂ ನಿನ್ನದೇ ಅಪ್ಪಣೆ. ಈಗ ನಿನ್ನಜ್ಜಿ ಲೀಲಮ್ಮನವರ ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಇದನ್ನು ಬರೆಯುತ್ತಿದ್ದೇನೆ. ಅಜ್ಜಿ ಪಕ್ಕದಲ್ಲೇ ಬಟಾಣಿ ಬಿಡಿಸುತ್ತಿದ್ದಾರೆ. ಬಿಡಿಸಿದ್ದರಲ್ಲಿ ಅರ್ಧ ನಮ್ಮಿಬ್ಬರ ಹೊಟ್ಟೆಗೇ ಹೋಗುತ್ತಿದೆ.

ನಿನ್ನ ಅಮ್ಮ ಏನು ಕೆಲಸ ಮಾಡುತ್ತಾಳೆಂದು ಬೇರೆಯವರ ಬಾಯಿಂದ ನೀನು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾನು ಬಿಯರ್ ಮಾಡುತ್ತೇನೆ. ಗುರ್‌ಗಾಂವ್‌ನ ಒಂದು ಮಾಲ್‌ನ ಮೇಲಂತಸ್ತಿನಲ್ಲಿ, ಗಾಜಿನ ಗೋಡೆಯ ಹಿಂದೆ, ತಾಮ್ರದ ದೊಡ್ಡ ಹಂಡೆಗಳ ನಡುವೆ ಗಮ್‌ಬೂಟ್ ಹಾಕಿಕೊಂಡು ಓಡಾಡುವ ಹೆಂಗಸು ನಾನೇ. ಆಚೆ ಕಡೆ ಕೂತವರು ಕುಡಿಯುತ್ತಾ ನನ್ನನ್ನು ಮೃಗಾಲಯದ ಜಿರಾಫೆಯ ಹಾಗೆ ನೋಡುತ್ತಾರೆ. ಇಲ್ಲಿ, ಆರ್.ಕೆ.ಪುರಂನ ಕನ್ನಡದವರ ನಡುವೆ ಮಾತ್ರ, ಅಜ್ಜಿಯ ದಯದಿಂದ ನಾನು 'ಬಾರ್ಲಿ ಮೇಲೆ ರಿಸರ್ಚ್' ಮಾಡುವ ಮಗಳು. ಪಕ್ಕದ ಬ್ಲಾಕಿನ ಮನೋರಮಾ ಆಂಟಿ ಅದನ್ನು ನಂಬಿ, ಬಸುರಿಗೆ ಬಾರ್ಲಿ ನೀರು ಎಷ್ಟು ಒಳ್ಳೆಯದೆಂದು ಸಿಕ್ಕಾಗಲೆಲ್ಲ ನನಗೇ ಪಾಠ ಹೇಳುತ್ತಾರೆ.

ಈ ಚಳಿಗಾಲಕ್ಕೆ ನಾನೊಂದು ಸ್ಟೌಟ್ ಮಾಡಿದೆ. ಸ್ಟೌಟ್ ಅಂದರೆ ಕಪ್ಪು ಬಿಯರ್, ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ಇದು ಸ್ವಲ್ಪ ಖಡಕ್ ಜಾತಿಯದು, ಗಟಗಟ ಕುಡಿಯುವಂಥದ್ದಲ್ಲ. ಅದರ ಬಣ್ಣ, ಘಮ, ಕಹಿ ಎಲ್ಲ ಬರುವುದು ಕಪ್ಪಗೆ ಹುರಿದ ಬಾರ್ಲಿಯಿಂದ. ಹೊರದೇಶದಿಂದ ಬರಬೇಕಿದ್ದ ಹುರಿದ ಬಾರ್ಲಿ ಬಂದರಿನಲ್ಲೇ ಕೂತುಬಿಟ್ಟಿತು. ಸರಿ, ನಾನೇ ಹುರಿಯುತ್ತೇನೆಂದು ನಮ್ಮ ರೆಸ್ಟೋರೆಂಟಿನ ಅಡುಗೆಮನೆಯ ಪಿಜ್ಜಾ ಓವನ್ ಮುಂದೆ ನಿಂತೆ. ಆಗ ನಿನಗೆ ಮೂರನೆಯ ತಿಂಗಳು. ನೀನು ನನ್ನ ಮೂಗನ್ನು ಪೂರ್ತಿ ಕೆಡಿಸಿದ್ದೆ. ಕಾಫಿ ನನಗೆ ಸುಟ್ಟ ಟೈರಿನಂತೆ ನಾರುತ್ತಿತ್ತು, ಮಲ್ಲಿಗೆ ಫಿನೈಲಿನಂತೆ. ಹಾಗಾಗಿ ಬಣ್ಣ ನೋಡಿ, ಕಾಳು ಚಟಪಟ ಸಿಡಿಯುವುದನ್ನು ಕೇಳಿ, ದೇವರ ಮೇಲೆ ಭಾರ ಹಾಕಿ ಇಳಿಸಿದೆ. ಅವತ್ತಿನಿಂದ ಒಂದೇ ಕೊರೆತ: ಹುರಿದೆನೋ, ಸೀಯಿಸಿದೆನೋ?

ಸ್ಟೌಟ್ ತಯಾರಾದಾಗ ಕುಡಿದು ನೋಡಲು ನನಗೆ ಸಾಧ್ಯವಿರಲಿಲ್ಲ, ನೀನಿದ್ದೀಯಲ್ಲ. ಬಾಯಿಗೆ ಹಾಕಿ ಉಗಿಯಬಹುದಲ್ಲ ಎಂದು ಕೆಲವರು ಬುದ್ಧಿ ಹೇಳಿದರು. ಡಾಕ್ಟರಮ್ಮ ಒಂದು ಹನಿಯೂ ಬೇಡ ಅಂದಿದ್ದರು. ಅಲ್ಲದೆ ಸ್ಟೌಟಿನ ಅರ್ಧ ರುಚಿ ತಿಳಿಯುವುದೇ ನುಂಗಿದ ಮೇಲೆ. ನಿನ್ನಪ್ಪ ಚಂದನ್‌ಗೆ ಕೊಟ್ಟೆ. ಮಾನೇಸರ್‌ನ ಕಾರ್ಖಾನೆಯಲ್ಲಿ ಬ್ರೇಕಿನ ಒಂದು ಕೂದಲೆಳೆಯ ಬಿರುಕನ್ನೂ ಬಿಡದೆ ಹಿಡಿಯುವ ಮನುಷ್ಯ, ನಾನು ಮಾಡಿದ್ದನ್ನು ಬಾಯಿಗಿಟ್ಟರೆ ಮಾತ್ರ ಎಲ್ಲಕ್ಕೂ 'ಸೂಪರ್' ಅನ್ನುತ್ತಾನೆ. ಉಪ್ಪಿಲ್ಲದ ಸಾರಿಗೂ ಅದೇ ಸೂಪರ್. ಅವನ ಮಾತು ಕಟ್ಟಿಕೊಂಡು ಏನು ಮಾಡಲಿ?

ಮಾಲೀಕರು ಭಸೀನ್ ಸಾಹೇಬರು. ಒಳ್ಳೆಯವರೇ, ಆದರೆ ತಾಳ್ಮೆ ಕಡಿಮೆ. ನಮ್ಮಲ್ಲಿ ಎಲ್ಲ ಬಿಯರೂ ಒಂದೇ ಪೈಪಿನ ವ್ಯವಸ್ಥೆಯಲ್ಲಿ ಬರುತ್ತದೆ, ಅಷ್ಟೇ ಕೊರೆಯುವ ತಂಪು, ಅಷ್ಟೇ ಗ್ಯಾಸು. ದಿಲ್ಲಿಯವರಿಗೆ ಚಳಿಗಾಲದಲ್ಲೂ 'ಏಕ್‌ದಂ ಚಿಲ್ಡ್' ಬೇಕು ಎನ್ನುವುದು ಅವರ ನಂಬಿಕೆ. ನನ್ನ ಸ್ಟೌಟನ್ನೂ ಹಾಗೇ ಹಿಡಿದು ಕುಡಿದು ಮುಖ ಕಿವುಚಿದರು. "ಧಾರಿಣಿ ಜೀ, ಯೇ ತೋ ಜಲಾ ಹುವಾ ಪಾನಿ ಹೈ." ಸುಟ್ಟ ನೀರು! ಸೋಮವಾರ ಟ್ಯಾಂಕ್ ಖಾಲಿ ಮಾಡಿಸಿ ಗೋಧಿ ಬಿಯರ್ ಹಾಕೋಣ ಅಂದರು. ಆಮೇಲೆ ತೀರಾ ಮೃದುವಾಗಿ, ಪುಣೆಯಿಂದ ಒಬ್ಬನನ್ನು ಕರೆಸುತ್ತೇನೆ, ನೀವು ಡೆಲಿವರಿ ಮುಗಿಸಿಕೊಂಡು ಆರಾಮಾಗಿ ಮನೆಯಲ್ಲಿರಿ, ರುಚಿ ನೋಡಲಾಗದವರು ಬಿಯರ್ ಮಾಡುವುದು ಹೇಗೆ ಅಂದರು. ಬೈದಿದ್ದರೆ ತಿರುಗಿ ಬೀಳಬಹುದಿತ್ತು. ಮೃದುವಾಗಿ ಹೇಳಿದವರ ಮೇಲೆ ಬೀಳುವುದು ಹೇಗೆ? ಇಷ್ಟು ತಂಪು ಬೇಡ, ಇಷ್ಟು ಗ್ಯಾಸ್ ಬೇಡ ಎನ್ನಲು ಬಾಯಿ ತೆರೆದೆ. ಆದರೆ ನಿಜಕ್ಕೂ ಸೀದಿದ್ದರೆ? ನನಗೇ ಗೊತ್ತಿಲ್ಲದ ರುಚಿಯ ಪರ ಏನೆಂದು ವಾದಿಸಲಿ? ಎದ್ದು ಬಂದೆ.

ಅದೇ ಸಂಜೆ ಅಜ್ಜಿಯ ಫೋನು. ಐದನೆಯ ತಿಂಗಳಲ್ಲಿ ತವರಿನವರು ಬಯಕೆ ತೀರಿಸಬೇಕು, ಇಲ್ಲದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎನ್ನುವುದು ನಮ್ಮ ಕಡೆಯ ಮಾತು. "ಏನು ಬಯಕೆ ನಿಂಗೆ? ಒಬ್ಬಟ್ಟಾ? ಪುಳಿಯೋಗರೆನಾ? ಬಾಯಿ ಬಿಟ್ಟು ಹೇಳೇ" ಅಂತ ಒಂದೇ ಸಮ ಶುರುಮಾಡಿದರು. ನನಗೆ ರೇಗಿತು. "ನನಗಿರೋ ಬಯಕೆ ಒಂದೇ ಅಮ್ಮಾ, ನಾನು ಮಾಡಿರೋ ಸ್ಟೌಟ್ ಹೇಗಿದೆ ಅಂತ ತಿಳೀಬೇಕು. ತೀರಿಸ್ತೀಯಾ?" ಅಂದು, ನಡೆದದ್ದನ್ನೆಲ್ಲ ಹೇಳಿ ಅತ್ತೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಾಳೆ ಸಿ.ಎಲ್. ಹಾಕ್ತೀನಿ. ಮಗುವಿನ ಕಿವಿ ಮುಖ್ಯ" ಅಂದರು.

ನಿಜವಾಗಿಯೂ ಬಂದರು ನೋಡು. ಮೆಟ್ರೋ ಕೆಲಸಕ್ಕೆಂದು ಅಗೆದಿದ್ದ ರಸ್ತೆಯ ಧೂಳನ್ನೆಲ್ಲ ಕುಡಿದು, ರೇಷ್ಮೆ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಒಂದು ಕೈಯಲ್ಲಿ ಬಯಕೆ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ಕಾಫಿ ಫ್ಲಾಸ್ಕ್ ಹಿಡಿದು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಸೆಕ್ಯುರಿಟಿ ಭಯ್ಯಾ ಕ್ಯಾರಿಯರ್ ತೆಗೆಸಿ ನೋಡಿ ಒಬ್ಬಟ್ಟಿನ ವಾಸನೆಗೆ ಸೋತು ಒಳಗೆ ಬಿಟ್ಟನಂತೆ. ನನಗೆ ಬಡಿಸಿ, ತಾವು ಕಾಫಿ ಕುಡಿದು, ಲೋಟ ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು, "ಎಲ್ಲಿ ನಿನ್ನ ಕಷಾಯ, ತಾ" ಅಂದರು. ಜೀವಮಾನವಿಡೀ ಹೆಂಡದಂಗಡಿಯ ಮುಂದೆ ಹಾಯುವಾಗಲೂ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದವರು.

ಗ್ಲಾಸು ತುಂಬಿ ಕೊಟ್ಟೆ. ಒಂದು ಗುಟುಕು ಕುಡಿದು, "ಅಯ್ಯೋ, ಹಲ್ಲು ಜುಮ್ ಅಂತು. ನಾಲಿಗೆಗೆ ಸೂಜಿ ಚುಚ್ಚಿದ ಹಾಗಾಯ್ತೇ ಹೊರತು ರುಚಿ ಒಂದೂ ತಿಳೀಲಿಲ್ಲ" ಅಂದರು. ಗ್ಲಾಸು ವಾಪಸು ಇಸಿದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅವರು ಗ್ಲಾಸನ್ನು ತಮ್ಮ ಬೆಚ್ಚಗಿನ ಲೋಟಕ್ಕೆ ಬಗ್ಗಿಸಿ, ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ, ಕೈ ಎತ್ತಿ ಎತ್ತಿ ಹೊಯ್ಯತೊಡಗಿದರು. ಬಿಸಿ ಕಾಫಿ ಆರಿಸುವವರ ಹಾಗೆ ಕೊರೆಯುವ ಸ್ಟೌಟನ್ನು ಆರಿಸುತ್ತಿದ್ದಾರೆ! ನನಗೆ ಬಿಯರ್ ಕಲಿಸಿದ ಗುರುಗಳು ನೋಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಅಮ್ಮಾ, ಅಮ್ಮಾ ಎಂದು ತಡೆಯಲು ಹೋದೆ. ಬುಸ್ಸೆಂದು ಗ್ಯಾಸೆಲ್ಲ ಹೋಗಿ, ಮೇಲೆ ಕಂದು ಬಣ್ಣದ ದಪ್ಪ ನೊರೆ ನಿಂತಿತು. ಕೊರೆಯುವ ತಂಪು ಮುರಿಯಿತು. ಆಗ ಎದ್ದಿತು ನೋಡು ಘಮ. ಕೆಟ್ಟಿದ್ದ ನನ್ನ ಮೂಗಿಗೂ ಸ್ವಲ್ಪ ತಾಗಿತು.

ಅಜ್ಜಿ ಕಣ್ಣು ಮುಚ್ಚಿ ಕುಡಿದರು. ಫೈಲ್ ಓದಿ ಷರಾ ಬರೆಯುವವರ ಗಂಭೀರ ಮುಖ. "ಮೊದಲು ಕಾಫಿ. ಹಾಲು ಹಾಕದ್ದು. ಆಮೇಲೆ ಬೆಲ್ಲದ ಪಾಕ ತಳದಲ್ಲಿ ಕಪ್ಪಗಾಗಿರುತ್ತಲ್ಲ, ಅದು. ಹುರಿಹಿಟ್ಟಿನ ವಾಸನೆ ಇದೆ. ಕೊನೆಗೆ ಕಹಿ. ಹೋಗು ಅಂದ್ರೂ ಹೋಗ್ತಾ ಇಲ್ಲ, ಕೂತೇ ಇದೆ." ನಾನು, "ಸೀದಿದೆಯಾ ಅಮ್ಮಾ?" ಅಂದೆ. ಇನ್ನೊಂದು ಗುಟುಕು ಹೋಯಿತು. "ಸೀದಿದ್ರೆ ಗಂಟಲು ಕೆರೆಯುತ್ತೆ. ಇದು ಕೆರೆಯೋದಿಲ್ಲ, ಜಾರುತ್ತೆ. ಹುರಿದಿದ್ದೀಯ, ಸೀಯಿಸಿಲ್ಲ."

ಕೂಸೇ, ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಕುಣಿದವಳಲ್ಲ. ನೀನು ಒಳಗೆ ಗಾಬರಿಯಾಗಿರಬೇಕು. ಅಜ್ಜಿ ಮಾತ್ರ ಲೋಟ ಖಾಲಿ ಮಾಡಿ, ಕಿವಿ ಬಿಸಿಯಾಗುತ್ತಿದೆ ಎಂದು ಮೊಸರನ್ನ ಕಲಸಿಕೊಂಡು ತಿಂದು, ವಾಪಸು ಹೋಗುವಾಗ ಟ್ಯಾಕ್ಸಿಯವನಿಗೆ ದಾರಿಯುದ್ದಕ್ಕೂ ತಮ್ಮ ಮಿನಿಸ್ಟ್ರಿಯ ಕಥೆ ಹೇಳಿದರಂತೆ.

ಮಾರನೆಯ ದಿನ ಸ್ಟೌಟಿನ ಟ್ಯಾಂಕನ್ನು ಬೇರೆ ಪೈಪಿಗೆ ಹಾಕಿಸಿ, ಗ್ಯಾಸು ಇಳಿಸಿ, ಕೊರೆಯುವ ತಂಪು ಕಳೆದು ಭಸೀನ್ ಸಾಹೇಬರ ಮುಂದಿಟ್ಟೆ. ಈ ಸಲ ನನ್ನ ಬಾಯಲ್ಲಿ ಮಾತಿತ್ತು. ಸರ್, ಆತುರ ಬೇಡ, ಮೊದಲು ಮೂಸಿ ನೋಡಿ, ಕಾಫಿ, ಬೆಲ್ಲ, ಹುರಿದ ಹಿಟ್ಟು, ಕೊನೆಗೆ ಬರುವ ಕಹಿಗೆ ಕಾಯಿರಿ ಅಂದೆ. ನಿಂತೇ ಕುಡಿದರು. ಎರಡನೆಯ ಗುಟುಕಿಗೆ ಕುರ್ಚಿ ಎಳೆದುಕೊಂಡರು. "ಯೇ ಪರ್ಸೋಂ ವಾಲಾ ನಹೀಂ ಹೈ" ಅಂದರು, ಮೊನ್ನೆಯದಲ್ಲ ಇದು ಎಂದು. ಅದೇ ಟ್ಯಾಂಕ್ ಸರ್ ಅಂದೆ. ಗ್ಲಾಸಿನ ತಳ ಕಾಣುವವರೆಗೆ ಅವರು ತಲೆ ಎತ್ತಲಿಲ್ಲ. ಎತ್ತಿದಾಗ, ಪುಣೆಯವನಿಗೆ ಬರುವುದು ಬೇಡ ಎಂದು ಫೋನ್ ಮಾಡುತ್ತೇನೆ, ನೀವು ರಜೆ ಮುಗಿಸಿ ಬರುವವರೆಗೆ ನಿಮ್ಮ ಗಮ್‌ಬೂಟು ಯಾರಿಗೂ ಕೊಡುವುದಿಲ್ಲ ಅಂದರು. ನಿನ್ನೆ ಶನಿವಾರ ಸ್ಟೌಟ್ ಹೊರಗೆ ಬಂತು. ಒಬ್ಬರು ಒಂದು ಗುಟುಕಿಗೇ ಗ್ಲಾಸು ದೂರ ತಳ್ಳಿದರು. ಹೌಜ್ ಖಾಸ್‌ನಿಂದ ಬಂದಿದ್ದ ಪ್ರೊಫೆಸರೊಬ್ಬರು ಒಂದೇ ಗ್ಲಾಸು ಹಿಡಿದು ಸಂಜೆಯೆಲ್ಲ ಕೂತು, ಹೋಗುವಾಗ ಗಾಜಿನ ಗೋಡೆಯ ಕಡೆ ತಿರುಗಿ ನನಗೆ ನಮಸ್ಕಾರ ಮಾಡಿ ಹೋದರು.

ಇಷ್ಟು ಬರೆದು ಈಗ ತಾನೇ ಅಜ್ಜಿಯನ್ನು ಕೇಳಿದೆ. "ಅಮ್ಮಾ, ನಿಜ ಹೇಳು, ನಿಂಗೆ ಅದು ಇಷ್ಟ ಆಯ್ತಾ?" ಬಟಾಣಿಯಿಂದ ಕಣ್ಣೆತ್ತದೆ ಹೇಳಿದರು: "ಇಲ್ಲ ಕಣೇ. ನಂಗೆ ಒಂಚೂರೂ ಸೇರಲಿಲ್ಲ. ಆದ್ರೆ ತುಂಬಾ ಚೆನ್ನಾಗಿ ಮಾಡಿದ್ದೀಯ."

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಆಡಿದ ಮೊದಲ ಮೆಚ್ಚುಗೆಯ ಮಾತು ಇದು. ತಮಗೆ ಸೇರದ್ದನ್ನು ಕೊನೆಯ ಹನಿಯವರೆಗೆ ಕುಡಿದು ಆಡಿದ ಮಾತು.

ಹರಿಯಾಣದ ಕಾನೂನಿನ ಪ್ರಕಾರ ನಿನಗೆ ಇಪ್ಪತ್ತೈದು ತುಂಬುವವರೆಗೆ ಒಂದು ಗುಟುಕೂ ಕೊಡುವಂತಿಲ್ಲ, ಕೊಡುವುದೂ ಇಲ್ಲ. ಮುಂದೆ ನೀನು ಹಾಡೋ, ಸೇತುವೆಯೋ, ಉಪ್ಪಿನಕಾಯಿಯೋ, ಏನಾದರೂ ಮಾಡಿ ನನ್ನ ಮುಂದೆ ತಂದಿಡುತ್ತೀಯ. ಅದು ನನಗೆ ಸೇರದೆ ಇರಬಹುದು. ಅವತ್ತು ನನಗೂ ನಿನ್ನಜ್ಜಿಯ ನಾಲಿಗೆ ಬರಲಿ ಎಂದು ನೀನೇ ನನ್ನನ್ನು ಹರಸು.

ಸುಖವಾಗಿ, ಕೈಕಾಲು ಗಟ್ಟಿಯಾಗಿ, ನಿನಗೆ ಬೇಕಾದಾಗ ಬಾ.

ನಿನಗಾಗಿ ಬಾಗಿಲು ತೆರೆದು ಕೂತಿರುವ
ನಿನ್ನ ಅಮ್ಮ,
ಧಾರಿಣಿ