ದೋಣಿಯಲ್ಲಿ ಕೂತೇ ನೋಡುವ ಹಕ್ಕಿ

ಜೂನ್ ೧೨, ಗುರುವಾರ

ಹಕ್ಕಿ ನೋಡಲು ಉಗಾಂಡಾಕ್ಕೆ ಬರುವುದಿಲ್ಲವೆಂದು ಇವರು ಹಟ ಹಿಡಿದು ಇವತ್ತಿಗೆ ಹದಿನೆಂಟು ದಿನ. ಸ್ಟ್ರೋಕ್ ಆದಮೇಲೆ ಎಡಗಾಲು ಎಳೆಯುತ್ತದೆ. ಅರೆಕೆರೆಯ ಕೆರೆ ಏರಿಯ ಮೇಲೂ ಅರ್ಧ ದಾರಿಗೇ ನಿಂತುಬಿಡುತ್ತಾರೆ. "ನೀನು ಹೋಗಿ ನೋಡ್ಕೊಂಡು ಬಾ ವಿಭಾ, ನಾನು ಫೋಟೋ ನೋಡ್ತೀನಿ" ಎಂಬ ಒಂದೇ ಮಾತು. ಮೂವತ್ತು ವರ್ಷ ಇಬ್ಬರೂ ಒಂದೇ ಬೈನಾಕ್ಯುಲರ್ ಹಂಚಿಕೊಂಡು ಹಕ್ಕಿ ನೋಡಿದವರು. ಒಬ್ಬಳೇ ಹೋಗಿ ಏನು ನೋಡಲಿ?

ಮಧ್ಯಾಹ್ನ ಧೈರ್ಯ ಮಾಡಿ, ಅಲ್ಲಿನ ಗೈಡ್ ಒಕೆಲ್ಲೊಗೆ ಇವರೆದುರೇ ವಿಡಿಯೋ ಕಾಲ್ ಮಾಡಿದೆ. ಕಾಲಿನ ವಿಷಯ ಮುಚ್ಚಿಡಲಿಲ್ಲ. ಬೂಟಿನಂಥ ಕೊಕ್ಕಿನ ಆ ಶೂಬಿಲ್ ಹಕ್ಕಿ ನೋಡಲು ಎಷ್ಟು ದೂರ ನಡೆಯಬೇಕೆಂದು ಕೇಳಿದೆ. ಆತ ನಕ್ಕ. ಅದಿರುವುದು ಜೌಗಿನಲ್ಲಿ, ನಡೆಯುವ ಮಾತೇ ಇಲ್ಲ, ದೋಣಿಯಲ್ಲಿ ಕೂತೇ ನೋಡಬೇಕು ಎಂದ. ದೋಣಿ ಹತ್ತಿಸಲು, ಇಳಿಸಲು ಇಬ್ಬರು ಇರುತ್ತಾರಂತೆ. ಹಕ್ಕಿಯೂ ಮೀನಿಗಾಗಿ ಗಂಟೆಗಟ್ಟಲೆ ಅಲುಗಾಡದೆ ನಿಂತಿರುತ್ತದಂತೆ.

ಇವರು ನನ್ನತ್ತ ತಿರುಗಿ, "ಹಂಗಾದ್ರೆ ನಂಗೂ ಅದಕ್ಕೂ ಒಳ್ಳೇ ಜೋಡಿ ಕಣೆ. ಎರಡು ಟಿಕೆಟ್ ಮಾಡ್ಸು" ಅಂದರು.

ಆಸ್ಪತ್ರೆಯಿಂದ ಬಂದಮೇಲೆ ಇವರ ಬಾಯಲ್ಲಿ ತಮಾಷೆ ಕೇಳಿದ್ದು ಇವತ್ತೇ. ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಸದ್ದಾಗದಂತೆ ಅತ್ತೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಊಟವಾದಾಗಿನಿಂದ ಹಾಲ್‌ನಲ್ಲಿ ಕೂತು ಫೋನಿನಲ್ಲಿ ಶೂಬಿಲ್ ಕೊಕ್ಕು ಕುಟ್ಟುವ ಸದ್ದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದಾರೆ. ಕಿವಿ ಚಿಟ್ಟುಹಿಡಿದಿದೆ. ನಿಲ್ಲಿಸಿ ಎನ್ನಲು ಮನಸ್ಸು ಬರುತ್ತಿಲ್ಲ. ನನಗೆ ಕಣ್ಣು ಎಳೆಯುತ್ತಿದೆ. ನಾಳೆ ಡಾಕ್ಟರ ಹತ್ತಿರ ಉಗಾಂಡಾಕ್ಕೆ ಹೋಗಲು ಬೇಕಾದ ಹಳದಿ ಜ್ವರದ ಇಂಜೆಕ್ಷನ್ ಬಗ್ಗೆ...