ಗಂಗವ್ವನ ಅಂಗುಳ

ಪ್ರೀತಿಯ ಮಾಮಾ,

ನೀವು ಹೋಗಿ ಒಂಬತ್ತು ತಿಂಗಳಾಯಿತು. ಇಷ್ಟು ಹೊತ್ತಿಗೆ ನಾನು ನಿಮ್ಮ ಟಿಪ್ಪಣಿ ಪುಸ್ತಕವನ್ನು ನಕಲು ಮಾಡಿ ಮುಂಬಯಿಯ ವೈದ್ಯಪತ್ರಿಕೆಗೆ ಕಳಿಸಿರಬೇಕಿತ್ತು. "ರಾಘೂ, ಎಲ್ಲೀತನಕಾ ಬಂತಪಾ?" ಎಂದು ಮಾಮಿ ದಿನಾ ಕೇಳುತ್ತಾರೆ. ನಾನು ಹದಿನಾಲ್ಕನೆಯ ರೋಗಿಯ ಹಾಳೆ ತೆರೆದಿಟ್ಟುಕೊಂಡು ಕೂತುಬಿಟ್ಟಿದ್ದೇನೆ. ಮುಂದಕ್ಕೆ ಹೋಗಲು ಆಗುತ್ತಿಲ್ಲ. ಯಾಕೆಂದು ನಿಮಗೇ ಹೇಳಬೇಕು. ಬೇರೆ ಯಾರಿಗೆ ಹೇಳಲಿ?

ಮೆಟ್ರಿಕ್ ಎರಡು ಸಲ ಫೇಲಾದ ನನ್ನನ್ನು ಧಾರವಾಡದಿಂದ ಪುಣೆಗೆ ಕರೆತಂದ ದಿನ ನೆನಪಿದೆಯೇ? ಅವ್ವ ಅಳುತ್ತಿದ್ದಳು. ನೀವು ನಿಮ್ಮ ತಂಗಿಗೆ, "ಇವನ ತಲೀ ಹೆಂಗರ ಇರಲಿ, ಕೈ ಭಾಳ ಚಲೋ ಅದ" ಎಂದು ಸಮಾಧಾನ ಹೇಳಿದಿರಿ. ಬುಧವಾರ ಪೇಟೆಯಲ್ಲಿ ಹಲ್ಲಿನ ಸೆಟ್ಟು ಮಾಡುವ ಮುದುಕ ಪಾರ್ಸಿಯೊಬ್ಬರ ಬಳಿ ನನ್ನನ್ನು ಕೆಲಸಕ್ಕೆ ಹಚ್ಚಿದಿರಿ. ಕೆಲಸ ಕಲಿತ ಮೇಲೆ ನಿಮ್ಮ ದವಾಖಾನೆಯ ಹಿಂದಿನ ಖೋಲಿಯಲ್ಲೇ ನನಗೊಂದು ಮೇಜು ಹಾಕಿಸಿ, "ನಾ ತಗೀತೀನಿ, ನೀ ತುಂಬಬೇಕು" ಎಂದಿರಿ. ಏನು ತೆಗೆಯುತ್ತೀರಿ, ನಾನು ಏನು ತುಂಬಬೇಕು ಎಂಬುದು ಮೊದಲ ರೋಗಿಯನ್ನು ನೋಡುವವರೆಗೆ ನನಗೆ ತಿಳಿದಿರಲಿಲ್ಲ.

ಆ ಮೊದಲ ರೋಗಿ ನೀರು ಕುಡಿದದ್ದನ್ನು ನಾನು ಮರೆತಿಲ್ಲ. ಮೇಲ್ದವಡೆಯ ಗಡ್ಡೆಯ ಜೊತೆಗೆ ಅರ್ಧ ಅಂಗುಳವನ್ನೂ ನೀವು ತೆಗೆದಿದ್ದಿರಿ. ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇರಲಿಲ್ಲ. ಗುಟುಕರಿಸಿದ ನೀರು ಮೂಗಿನಿಂದ ಇಳಿಯಿತು. "ಅಪ್ಪಾ" ಎನ್ನಹೋದರೆ "ಅಮ್ಮಾ" ಎಂದಂತೆ ಕೇಳಿತು. ಬೇರೆ ಸರ್ಜನ್‌ಗಳು ತಮ್ಮ ಪುಸ್ತಕದಲ್ಲಿ ರೋಗಿ ಬದುಕಿದನೋ ಸತ್ತನೋ ಎಂದಷ್ಟೇ ಬರೆಯುತ್ತಿದ್ದರು. ನೀವು ಮಾತ್ರ, "ಬದುಕಿದ್ರ ಸಾಲೂದಿಲ್ಲೋ ರಾಘೂ. ರೊಟ್ಟಿ ತಿಂದಾನೋ ಇಲ್ಲೋ, ಅದನ್ನ ಬರಿ" ಎನ್ನುತ್ತಿದ್ದಿರಿ. ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅವರನ್ನು ಕರೆಸಿ, ಕನ್ನಡದವರಾದರೆ ಒಂದೇ ಮಾತು ಹೇಳಿಸುತ್ತಿದ್ದಿರಿ: ಕಪ್ಪು ಕಪಿಲೆ ಹಸಿ ಸೊಪ್ಪು ತಿಂತು. ಎಷ್ಟು ಅಕ್ಷರ ಸರಿಯಾಗಿ ಬಂದವು ಎಂದು ಬೆರಳು ಮಡಿಸಿ ಎಣಿಸುತ್ತಿದ್ದಿರಿ.

ಗಂಗವ್ವ ಬಂದದ್ದು ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿ. ಎಡಗೆನ್ನೆಯ ಮೇಲೆ ಸೆರಗು ಎಳೆದುಕೊಂಡು, ರೈಲು ಹಳಿ ಕೆಲಸದ ಗಂಡನ ಹಿಂದೆ ಅಡಗಿ ನಿಂತಿದ್ದಳು. ಬೆಳಗಾವಿ ಕಡೆಯ ಹಳ್ಳಿಯವರು. ನೀವು ಕನ್ನಡದಲ್ಲಿ ಮಾತಾಡಿದ ಕೂಡಲೇ ಸೆರಗು ಸರಿಸಿ ಬಾವು ತೋರಿಸಿದಳು. ಶಸ್ತ್ರಕ್ರಿಯೆಯಾಗಿ, ಗಾಯ ಮಾಗಿ, ನಾನು ಅಚ್ಚು ತೆಗೆದು ಕೆಂಪು ರಬ್ಬರನ್ನು ಹಬೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ, ಅಂಗುಳದ ತೂತು ಮುಚ್ಚುವ ಪ್ಲೇಟು ತಂದೆ. ನೀವೇ ಅದನ್ನು ತೊಳೆದು ಅವಳ ಕೈಗೆ ಕೊಟ್ಟಿರಿ. ಹಾಕಿಕೊಂಡು ಅವಳು ಕಪಿಲೆಯ ಮಾತು ಹೇಳಿದಾಗ ಒಂದಕ್ಷರವೂ ತಪ್ಪಲಿಲ್ಲ. ಗಂಡ ಗೋಡೆಯ ಕಡೆ ಮುಖ ಮಾಡಿಕೊಂಡ. ನೀವು ಗಟ್ಟಿಯಾಗಿ ನಕ್ಕಿರಿ. ಒಳಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದ. ಹೋಗುವಾಗ ನನಗೆ ಒಂದು ಮಾತು ಹೇಳಿದಿರಿ: "ಒಳಗಿನ ಗುಳಿ ಇನ್ನೂ ಕುಗ್ಗತದ. ತಿಂಗಳಿಗೊಮ್ಮೆ ಬಂದು ಪ್ಲೇಟು ಕೆರಸ್ಕೋ ಅಂತ ಹೇಳು ಆಕೀಗೆ."

ಅವಳು ಮತ್ತೆ ಬರಲಿಲ್ಲ. ನೀವು ಹಳ್ಳಿಯ ವಿಳಾಸಕ್ಕೆ ಬರೆದ ಎರಡು ಕಾಗದಗಳೂ ಹಿಂದಿರುಗಿದವು. ಆಗ ನೀವು ಪುಸ್ತಕದಲ್ಲಿ ಬರೆದ ಸಾಲು ಈಗ ನನ್ನ ಕಣ್ಣ ಮುಂದಿದೆ. 'ಹದಿನಾಲ್ಕು: ಬಂದಿಲ್ಲ. ರೋಗ ಮರಳಿ ತೀರಿಕೊಂಡಿರಬೇಕು. ಗಡ್ಡೆಯ ಸುತ್ತ ಇನ್ನೂ ಅಗಲವಾಗಿ ಕತ್ತರಿಸಬೇಕಿತ್ತು. ತಪ್ಪು ನನ್ನದು.' ಅಲ್ಲಿಂದ ಮುಂದೆ ನೀವು ಅಗಲವಾಗಿ ಕತ್ತರಿಸತೊಡಗಿದಿರಿ. ಹದಿನೈದನೆಯವನ ಗಲ್ಲವೇ ಉಳಿಯಲಿಲ್ಲ. ಹದಿನೇಳನೆಯವನದು ಒಂದು ಕಣ್ಣೂ ಹೋಯಿತು. ಅವನಿಗೆ ಪ್ಲೇಟು ಮಾಡುವಾಗ ನಾನು ಅಚ್ಚನ್ನು ಕೆಳಗಿಟ್ಟು ನಿಮ್ಮ ಕಡೆ ನೋಡಿದೆ. "ಜೀವ ಉಳೀಬೇಕಲ್ಲೋ" ಎಂದಿರಿ. ನಾನು ತಲೆಯಾಡಿಸಿದೆ.

ಮಾಮಾ, ಗಂಗವ್ವ ಬದುಕಿದ್ದಾಳೆ.

ಹೋದ ತಿಂಗಳು ಚಿಂಚವಾಡಕ್ಕೆ ಹೋಗಿದ್ದೆ, ಒಬ್ಬ ವೃದ್ಧರ ಹಲ್ಲಿನ ಸೆಟ್ಟು ಕೊಡಲು. ಸ್ಟೇಷನ್ನಿನ ಹೊರಗೆ ಕಾಯಿಪಲ್ಲೆಯವಳ ಜೊತೆ ಒಬ್ಬಳು ಮರಾಠಿಯಲ್ಲಿ ಜಗಳವಾಡುತ್ತಿದ್ದಳು. ಮಾತಿನ ಕೊನೆಗೆ ಮೂಗಿನಲ್ಲಿ ಒಂಚೂರು ಗಾಳಿ ಸೋರುತ್ತಿತ್ತು. ಆ ಸೋರಿಕೆಯನ್ನು ನನ್ನ ಕಿವಿ ಎಲ್ಲಿದ್ದರೂ ಹಿಡಿಯುತ್ತದೆ. ತಿರುಗಿ ನೋಡಿದೆ. ಕೆನ್ನೆಯ ಮೇಲೆ ನಿಮ್ಮ ಹೊಲಿಗೆಯ ಗೆರೆ. ಗಂಡನಿಗೆ ಅಲ್ಲಿಗೆ ವರ್ಗವಾಗಿ ಮೂರು ವರ್ಷವಾಯಿತಂತೆ. ನಾವು ಬೆಳಗಾವಿಗೆ ಬರೆಯುತ್ತಿದ್ದಾಗ ಅವಳು ರೈಲಿನಲ್ಲಿ ಒಂದು ತಾಸಿನೊಳಗಿನ ದಾರಿಯಲ್ಲಿದ್ದಳು!

"ಯಾಕ ಬರಲಿಲ್ರೀ ಗಂಗವ್ವಾ? ನಮ್ಮ ಮಾಮಾ ನಿಮ್ಮನ್ನ ಎಷ್ಟು ಹುಡುಕಿದ್ರು," ಎಂದೆ.

ಅವಳು ಚೀಲದ ಬಾಯಿ ಕಟ್ಟಿದಳು. "ಎರಡ ತಿಂಗಳಿಗೆ ಪ್ಲೇಟು ಚುಚ್ಚಾಕ ಹತ್ತಿತ್ರೀ ಅಣ್ಣಾರ. ರಕ್ತ ಬರೂದು. ಸಾಹೇಬ್ರು ಅದನ್ನ ತಮ್ಮ ಕೈಯಾರೆ ತೊಳದು ಕೊಟ್ಟಿದ್ರು. ನಾ ಮಾತಾಡಿದ್ದಕ್ಕ ಅಷ್ಟು ಖುಷಿ ಪಟ್ಟಿದ್ರು. ಅಂಥವರ ಮುಂದ ಹೋಗಿ ಇದು ನನಗ ಬ್ಯಾಡ ಅಂತ ಹೆಂಗ ಅನ್ಲಿ?"

"ಕೆರೆದು ಸರಿ ಮಾಡತಿದ್ವಿ. ತಿಂಗಳಿಗೊಮ್ಮೆ ಬರ್ರಿ ಅಂತ ಹೇಳಿದ್ನಲ್ಲಾ?"

"ಯಾರೂ ಹೇಳಿಲ್ರೀ," ಎಂದಳು. ಆರೋಪ ಹೊರಿಸುವ ದನಿಯೇ ಅಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಆ ದಿನವನ್ನು ನಾನು ಎಷ್ಟು ಸಲ ನೆನೆಸಿಕೊಂಡೆನೋ. ಗಂಡ ಗಾಡಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದ. ನಾನು ಪ್ಲೇಟನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಬಿಸಿನೀರಲ್ಲಿ ತೊಳೆಯಬೇಡಿ ಎಂದೆ. ಅದು ನೆನಪಿದೆ. ಆಮೇಲೆ ತಿಂಗಳಿಗೊಮ್ಮೆ ಬನ್ನಿ ಎಂದೆನೇ? ಎಂದೆ ಅನಿಸುತ್ತದೆ. ಒಮ್ಮೊಮ್ಮೆ ನನ್ನ ದನಿಯೇ ಕೇಳಿದಂತಾಗುತ್ತದೆ. ಆದರೆ ಅದು ಬೇರೆ ರೋಗಿಗೆ ಹೇಳಿದ್ದಾಗಿದ್ದರೆ... ನಾನು ಮರೆತಿದ್ದರೆ, ಹದಿನೇಳನೆಯವನ ಕಣ್ಣು ಹೋದದ್ದು ಯಾರಿಂದ? ಅಗಲ ಕತ್ತರಿಸಿಕೊಂಡವರೂ ಬದುಕಿದ್ದಾರೆ ಮಾಮಾ. ಅಗಲ ಕತ್ತರಿಸಿದ್ದಕ್ಕೇ ಬದುಕಿದರೋ, ಇಲ್ಲದಿದ್ದರೂ ಬದುಕುತ್ತಿದ್ದರೋ? ನೀವಿದ್ದಿದ್ದರೆ ಹೇಳುತ್ತಿದ್ದಿರಿ. ಅಥವಾ ನಿಮಗೂ...

ಗಂಗವ್ವ ನನ್ನನ್ನು ಮನೆಗೆ ಕರೆದೊಯ್ದು ತನ್ನ ಉಪಾಯ ತೋರಿಸಿದಳು. ಹಳೆಯ ಸೀರೆಯ ಮೆತ್ತನೆ ಬಟ್ಟೆಯನ್ನು ಉಂಡೆ ಮಾಡಿ, ಕರಗಿಸಿದ ಜೇನುಮೇಣದಲ್ಲಿ ಅದ್ದಿ, ಬೆಚ್ಚಗಿರುವಾಗಲೇ ಅಂಗುಳದ ಗುಳಿಯೊಳಗೆ ಒತ್ತಿಕೊಳ್ಳುತ್ತಾಳೆ. ನಾಲ್ಕೈದು ದಿನಕ್ಕೊಮ್ಮೆ ಹೊಸದು. ಗುಳಿ ಕುಗ್ಗಿದಂತೆ ಉಂಡೆಯೂ ಸಣ್ಣದಾಯಿತು. ನನ್ನ ರಬ್ಬರು ಮಾತ್ರ ಕುಗ್ಗುವುದನ್ನು ಅರಿಯದು. ನಾನು ಬೇಡಿಕೊಂಡದ್ದಕ್ಕೆ ಕಪಿಲೆಯ ಮಾತನ್ನೂ ಹೇಳಿದಳು. ಅಭ್ಯಾಸಬಲದಿಂದ ಬೆರಳು ಮಡಿಸಿದೆ. ಎರಡೇ ಅಕ್ಷರ ಸೋರಿದವು. ಜೋಳದ ರೊಟ್ಟಿಯನ್ನೂ ತಿಂದು ತೋರಿಸಿದಳು. ನೀವು ತೀರಿಕೊಂಡ ಸುದ್ದಿಯನ್ನು ಆಮೇಲೆ ಹೇಳಿದೆ. ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟು, ಸೆರಗನ್ನು ಮತ್ತೆ ಕೆನ್ನೆಯ ಮೇಲೆ ಎಳೆದುಕೊಂಡಳು.

ಸದಾಶಿವ ಪೇಟೆಯ ಮನೆಗೆ ಬಂದು ಮಾಮಿಗೆ ಎಲ್ಲವನ್ನೂ ಹೇಳಿದೆ, ನಾನು ಮರೆತಿರಬಹುದು ಎಂಬುದನ್ನೂ. ಮಾಮಿ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅವರು ಇದ್ದಿದ್ರ ಏನ ಮಾಡತಿದ್ರು ಗೊತ್ತದ ಏನು?" ಎಂದರು. "ಮೊದಲ ಆಕೀನ ಊಟಕ್ಕ ಕರೀತಿದ್ರು." ಮುಂದಿನ ಆಯಿತವಾರ ಗಂಗವ್ವ ಬಂದಳು. ಮಾಮಿ ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿದರು. ಇಬ್ಬರೂ ನಿಮ್ಮ ವಿಷಯ ಎಷ್ಟೋ ಮಾತಾಡಿದರು. ನಾನು ಬಡಿಸುತ್ತಿದ್ದೆ. ತಲೆ ಎತ್ತಿ ನೋಡಲಾಗಲಿಲ್ಲ.

ಈಗ ನಿಮ್ಮ ಪುಸ್ತಕ. ನಿಮ್ಮ ಸಾಲನ್ನು ಹೊಡೆದುಹಾಕಲು ಧೈರ್ಯ ಬರಲಿಲ್ಲ. ಅದರ ಕೆಳಗೆ ಬರೆದಿದ್ದೇನೆ: 'ರೋಗಿ ಬದುಕಿದ್ದಾಳೆ. ರೋಗ ಮರಳಿಲ್ಲ. ಪ್ಲೇಟು ಚುಚ್ಚಿದ್ದರಿಂದ ಬಿಟ್ಟಳು. ಮರಳಿ ಬರಲು ಹೇಳಲಾಗಿತ್ತೋ ಇಲ್ಲವೋ ತಿಳಿಯದು, ಹೇಳಬೇಕಾಗಿದ್ದವನು ನಾನು.' ಅಗಲ ಕತ್ತರಿಸಬೇಕು ಎಂಬ ನಿಮ್ಮ ಕೊನೆಯ ಪುಟವನ್ನು ಪತ್ರಿಕೆಗೆ ಕಳಿಸುವುದಿಲ್ಲ. ಇದು ನಿಮಗೆ ಮಾಡುವ ದ್ರೋಹವೋ, ನಿಮ್ಮ ಕೆಲಸವೋ, ನನಗೆ ತಿಳಿಯುತ್ತಿಲ್ಲ. ಪುಸ್ತಕದಲ್ಲಿ 'ಬಂದಿಲ್ಲ' ಎಂದಿರುವವರು ಇನ್ನೂ ಆರು ಜನ ಇದ್ದಾರೆ. ಒಬ್ಬೊಬ್ಬರ ಮನೆಗೂ ನಾನೇ ಹೋಗುತ್ತೇನೆ. ಕಾಗದ ಬರೆಯುವುದಿಲ್ಲ.

ಇನ್ನೊಂದು ಸುದ್ದಿ. ಯುದ್ಧದ ದೆಸೆಯಿಂದ ಒಳ್ಳೆಯ ರಬ್ಬರು ಸಿಗುವುದೇ ಕಷ್ಟವಾಗಿದೆ. ನಿಮ್ಮ ಶಿಷ್ಯರು ಶಸ್ತ್ರಕ್ರಿಯೆ ಮಾಡಿದ ಒಬ್ಬ ಟಪಾಲು ಗುಮಾಸ್ತರು ಐದು ವಾರದಿಂದ ಒಂದು ಮಾತೂ ಆಡಿರಲಿಲ್ಲ. ಏನು ಬೇಕಾದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ನಿನ್ನೆ ಮಧ್ಯಾಹ್ನ ಗಂಗವ್ವನನ್ನು ಅವರ ಮನೆಗೇ ಕರೆಸಿದೆ. ಅವಳು ತನ್ನ ಉಂಡೆಯನ್ನು ಬಿಚ್ಚಿ ತೋರಿಸಿ, ಅವರದನ್ನು ತಾನೇ ಮೇಣದಲ್ಲಿ ಅದ್ದಿಕೊಟ್ಟು, ಎಲ್ಲಿ ಒತ್ತಬೇಕು ಎಂದು ತನ್ನ ಮುರುಕು ಮರಾಠಿಯಲ್ಲಿ ಗದರಿಸಿ ಹೇಳಿದಳು. ಅವರು ಒತ್ತಿಕೊಂಡರು. ಆಮೇಲೆ ಎದುರಿನ ಕಪ್ಪನ್ನು ಮುಟ್ಟಿ ನೋಡಿ, ಹೆಂಡತಿಯ ಕಡೆ ತಿರುಗಿ, ಸ್ಪಷ್ಟವಾಗಿ, ಸ್ವಲ್ಪ ಸಿಟ್ಟಿನಿಂದಲೇ, ಚಹಾ ಆರಿಹೋಗಿದೆ, ಬೇರೆ ತಾ ಎಂದರು.

ಆಕೆ ಅಳುತ್ತಲೇ ಕಪ್ಪು ಎತ್ತಿಕೊಂಡು ಒಳಗೆ ಓಡಿದರು.

ನಿಮ್ಮ
ರಾಘು